ಸದಾಶಿವಗಡದ ಸೀಬರ್ಡ್ ನಿರಾಶ್ರಿತರು ಮತ್ತು ಉನ್ನತ ಶಿಕ್ಷಣ: ಪುನರ್ವಸತಿ ಕಾನೂನಿನ ಒಂದು ಕೊರತೆ

ಒಕ್ಕಲೆಬ್ಬಿಸಿದವರು ಬಡತನಕ್ಕೆ ಬೀಳುವ ಬಗೆಯನ್ನು ಸಮಾಜಶಾಸ್ತ್ರಜ್ಞ ಮೈಕಲ್ ಸೆರ್ನಿಯಾ 1997ರಲ್ಲಿ ಎಂಟು ಅಪಾಯಗಳಾಗಿ ವಿಂಗಡಿಸಿದರು. ಭೂಮಿ, ಮನೆ, ಉದ್ಯೋಗಗಳ ನಷ್ಟ ಅವುಗಳಲ್ಲಿದೆ. ಶಿಕ್ಷಣದ ನಷ್ಟ ಆ ಎಂಟರಲ್ಲಿ ಪ್ರತ್ಯೇಕ ಅಪಾಯವಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಕಾರವಾರ–ಅಂಕೋಲೆಯ ಸಾಕ್ಷ್ಯ ಇದನ್ನು ಒಪ್ಪಲು ಬಿಡುವುದಿಲ್ಲ.

ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು. ಅರಗಾ, ಬಿಣಗಾ ಮೊದಲಾದ ಊರುಗಳ ರೈತರೂ ಮೀನುಗಾರರೂ ನೆಲೆ ಕಳೆದುಕೊಂಡರು. ಒಂದು ಪುನರ್ವಸತಿ ಕಾಲೊನಿ ಸದಾಶಿವಗಡದ ಚಿತ್ತಾಕುಲದಲ್ಲಿದೆ. ಇಷ್ಟು ಎಲ್ಲರೂ ಬಲ್ಲದ್ದು.

ಉನ್ನತ ಶಿಕ್ಷಣಕ್ಕೆ ಅಡ್ಡಿಯಾದದ್ದು ಕಾಲೇಜಿನ ದೂರವೆಂಬ ಮಾತು ಇಲ್ಲಿ ನಿಲ್ಲದು. ಉತ್ತರಕ್ಕೆ ಮಾಜಾಳಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ಕಾಳಿ ಸೇತುವೆ ದಾಟಿದರೆ ಕೋಡಿಬಾಗದಲ್ಲಿ ಕಡಲಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗ, ಆಚೆಗೆ ವೈದ್ಯಕೀಯ ಕಾಲೇಜು. ಕೊರತೆಯಿರುವುದು ಹಕ್ಕಿನಲ್ಲಿ. ಭೂಮಿ ಹೋದದ್ದು 1894ರ ಭೂಸ್ವಾಧೀನ ಕಾಯ್ದೆಯಡಿ. ಅದರಲ್ಲಿ ಪುನರ್ವಸತಿಯ ಸೊಲ್ಲೇ ಇರಲಿಲ್ಲ. ಪರಿಹಾರದ ವ್ಯಾಜ್ಯಗಳು ದಶಕಗಳ ಕಾಲ ನಡೆದವು. ಮಗುವಿನ ಕಾಲೇಜು ವಯಸ್ಸು ಅಷ್ಟು ಕಾಯುವುದಿಲ್ಲ. ಅದರ ಬದಲಿಗೆ ಬಂದ 2013ರ ಭೂಸ್ವಾಧೀನ ಕಾಯ್ದೆಯ ಮೂರನೆಯ ಅನುಸೂಚಿಯೂ ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲೆ ಬೇಕೆನ್ನುತ್ತದೆ. ಆ ಹಕ್ಕು ಹದಿನಾಲ್ಕನೆಯ ವಯಸ್ಸಿಗೆ ಮುಗಿಯುತ್ತದೆ. ಯೋಜನಾ ನಿರಾಶ್ರಿತರಿಗೆ ರಾಜ್ಯ ಕೊಟ್ಟ ಶೇ. 5ರ ಮೀಸಲಾತಿ ಗ್ರೂಪ್ ಸಿ ಮತ್ತು ಡಿ ಹುದ್ದೆಗಳಿಗೆ.

ಪುನರ್ವಸತಿ ನೀತಿಯು ನೆಲ ಬಿಟ್ಟುಕೊಟ್ಟವರ ಮಕ್ಕಳನ್ನು ಕೆಳಹಂತದ ನೌಕರರನ್ನಾಗಿಯಷ್ಟೇ ಕಂಡಿತು ಎಂಬುದು ನನ್ನ ವಾದ. ಇದನ್ನು ಎಚ್ಚರದಿಂದಲೇ ಹೇಳಬೇಕು. ಗ್ರೂಪ್ ಸಿ ಹುದ್ದೆಗಳಲ್ಲಿ ಪದವಿ ಬೇಡುವವೂ ಇವೆ. ಕಾಲೊನಿಗಳಿಂದ ಪದವೀಧರರು ಬಂದಿಲ್ಲವೆಂದೂ ನಾನು ಹೇಳುತ್ತಿಲ್ಲ. ಬಂದವರು ಮನೆಯವರ ದುಡಿಮೆಯಿಂದ, ದಿನಕರ ದೇಸಾಯಿಯವರ ಕೆನರಾ ವೆಲ್‌ಫೇರ್ ಟ್ರಸ್ಟ್ ಅಂಕೋಲೆಯಲ್ಲಿ ಕಟ್ಟಿದಂಥ ಕಾಲೇಜುಗಳಿಂದ ಬಂದರು. ನೀತಿಯ ಉದ್ದೇಶಕ್ಕಿಂತ ಅದರ ಪರಿಣಾಮದ ಬಗ್ಗೆ ಈ ಮಾತು ಹೆಚ್ಚು ಸಲ್ಲುತ್ತದೆ.

ಬೇರೆ ದಾರಿ ಸಾಧ್ಯವಿತ್ತು ಎಂಬುದಕ್ಕೆ ಇದೇ ಜಿಲ್ಲೆಯ ಮುಂಡಗೋಡು ಸಾಕ್ಷಿ. ಅಲ್ಲಿ ಟಿಬೆಟನ್ ನಿರಾಶ್ರಿತರು ನೆಲೆಸಿದ್ದು 1966ರ ಹೊತ್ತಿಗೆ. ಅವರ ಶಾಲೆಗಳಿಗಾಗಿ ಕೇಂದ್ರ ಸರ್ಕಾರ 1961ರಲ್ಲೇ ಪ್ರತ್ಯೇಕ ಆಡಳಿತ ರಚಿಸಿತ್ತು. ಅದು ಶಾಲಾ ಹಂತದ ವ್ಯವಸ್ಥೆ, ಹೋಲಿಕೆಗೆ ಮಿತಿಯಿದೆ. ಆದರೂ ನೆಲದ ಜೊತೆಗೆ ವಿದ್ಯೆಯನ್ನೂ ಪುನರ್ವಸತಿಯ ಲೆಕ್ಕಕ್ಕೆ ತಂದ ಕ್ರಮವದು.

ಹುದ್ದೆಯ ಮೀಸಲಾತಿಗೆ ಬಳಸುವ ಯೋಜನಾ ನಿರಾಶ್ರಿತ ಪ್ರಮಾಣಪತ್ರವನ್ನು ಕಾಲೇಜು ಪ್ರವೇಶಕ್ಕೂ ಶುಲ್ಕ ವಿನಾಯಿತಿಗೂ ಮಾನ್ಯ ಮಾಡುವುದು ನ್ಯಾಯ. ಹಾಗೆ ಮಾಡಿದರೆ ಅದು ಎಷ್ಟು ತಲೆಮಾರಿಗೆ ಸಲ್ಲಬೇಕು, ಜಂಟಿ ಭೂಖಾತೆಯ ಕುಟುಂಬದಲ್ಲಿ ಯಾವ ಮಗುವಿಗೆ, ಖಾತೆಯೇ ಇಲ್ಲದೆ ಕಡಲನ್ನು ನಂಬಿದ್ದ ಮೀನುಗಾರರ ಮನೆಗೆ ಯಾವ ದಾಖಲೆಯ ಮೇಲೆ ಎಂಬುದು ಇನ್ನೂ ಇತ್ಯರ್ಥವಾಗಬೇಕಿದೆ.