ಬಳ್ಳಾರಿಯ ರಂಗಭೂಮಿಯೂ ಭಾಷೆಯ ಗಡಿಯೂ

1953ನೆಯ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆಲೂರು, ಆದವಾನಿ, ರಾಯದುರ್ಗಗಳು ಆಂಧ್ರಕ್ಕೆ ಸೇರಿದುವು. ಸಿರುಗುಪ್ಪವೂ, ಕುರುಗೋಡನ್ನು ಒಳಗೊಂಡಿದ್ದ ಬಳ್ಳಾರಿ ತಾಲ್ಲೂಕೂ ಮೈಸೂರಿಗೆ ಬಂದುವು. ಬಳ್ಳಾರಿ ತಾಲ್ಲೂಕಿನ ಪ್ರಶ್ನೆಗಂತೂ ನ್ಯಾಯಮೂರ್ತಿ ಮಿಶ್ರರ ವಿಚಾರಣೆಯೇ ಬೇಕಾಯಿತು. ತಾಲ್ಲೂಕನ್ನು ಒಂದೇ ಭಾಷೆಯ ಲೆಕ್ಕಕ್ಕೆ ಹಚ್ಚುವ ಈ ಕ್ರಮವನ್ನು ಇಲ್ಲಿನ ರಂಗಭೂಮಿ ಅರಿಯದು. ತಾಡಪತ್ರಿಯಲ್ಲಿ 1880ರಲ್ಲಿ ಜನಿಸಿ, ಬಳ್ಳಾರಿಯಲ್ಲಿ ವಕೀಲರಾಗಿದ್ದ ರಾಘವರು (ಮರಣ 1946) ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ಅಭಿನಯಿಸಿದವರು. ತೆಲುಗರೂ ಕನ್ನಡಿಗರೂ ಅವರನ್ನು ತಮ್ಮವರೆನ್ನುವರು. ಎರಡು ಮಾತೂ ಸರಿಯೆಂದೇ ನಮ್ಮ ಮತ. ಈಗ ನಾಟಕ, ಬಯಲಾಟಗಳ ದಾಖಲೆಗಳು ಗಣಕಯಂತ್ರವನ್ನು ಸೇರುತ್ತಿವೆ. ಅಲ್ಲಿಯೂ ‘ಭಾಷೆ’ಯ ಅಂಕಣದಲ್ಲಿ ಒಂದೇ ಹೆಸರಿಗೆ ಎಡೆಯಿದ್ದರೆ ರಾಘವರಂಥವರು ಅರ್ಧ ಮಾತ್ರ ಉಳಿದಾರು. ಆ ಅಂಕಣದಲ್ಲಿ ಒಂದಕ್ಕಿಂತ ಹೆಚ್ಚು ಹೆಸರು ಬರೆಯಲು ಆಸ್ಪದವಿರಬೇಕೆಂಬುದು ನಮ್ಮ ಸೂಚನೆ.