ದೇವದೂತರ ಲವ್ ಸ್ಟೋರಿ: ಹುಡುಗಿಗೆ ಮಾತು ಸಿಕ್ಕಿದ್ದು ಯಾವಾಗ?

1/9
ರೆಕ್ಕೆ ಇರೋ ಹೀರೋ. ಸ್ವರ್ಗದಿಂದ ಹೊರಬಿದ್ದವನು. ಮಾತು ಕಮ್ಮಿ, ಕಣ್ಣಲ್ಲಿ ಸಾವಿರ ವರ್ಷದ ಬೇಸರ, ಬೆನ್ನ ಮೇಲೆ ಗಾಯದ ಗುರುತು. ಎದುರಿಗೆ ಒಬ್ಬ ಸಾಮಾನ್ಯ ಹುಡುಗಿ. ಈ ಕಥೆಯನ್ನ ನಿಮ್ಮಲ್ಲಿ ಬಹಳ ಜನ ಓದಿದ್ದೀರಿ. ಕೆಲವರು ರಾತ್ರಿ ಫೋನಲ್ಲಿ ಟೈಪ್ ಮಾಡಿ ಬರೀತಾನೂ ಇದ್ದೀರಿ.

"ಇದೆಲ್ಲಾ ಈಗಿನ ಇಂಗ್ಲಿಷ್ ಕಾದಂಬರಿಗಳ ಹುಚ್ಚು" ಅಂತ ಯಾರಾದ್ರೂ ಮೂಗು ಮುರಿದ್ರೆ ಈ ಸರಣಿ ತೋರಿಸಿ. ಈ ಪ್ಲಾಟ್‌ಗೆ ಎರಡು ಸಾವಿರ ವರ್ಷಕ್ಕಿಂತ ಹೆಚ್ಚು ವಯಸ್ಸಾಗಿದೆ.

ಮೊದಲು ಹೆಸರು ನೋಡಿ. ಹೀಬ್ರೂ ಭಾಷೆಯ 'ಮಲಾಖ್', ಗ್ರೀಕ್‌ನ 'ಆಂಗೆಲೋಸ್', ಎರಡಕ್ಕೂ ಒಂದೇ ಅರ್ಥ: ಸುದ್ದಿ ತರುವವನು. ಕನ್ನಡದ 'ದೇವದೂತ' ಅದಕ್ಕೆ ಹೇಳಿ ಮಾಡಿಸಿದ ಪದ. ಅಂದ್ರೆ ಅವನು ಕೆಲಸದ ಮೇಲೆ ಬಂದವನು. ಸಂದೇಶ ಕೊಟ್ಟು ವಾಪಸ್ ಹೋಗಬೇಕು. ಹೋಗದೆ ನಿಂತುಬಿಟ್ರೆ? ಅಲ್ಲಿಂದಲೇ ಕಥೆ ಶುರು.

ಸರಣಿ ಪೂರ್ತಿ ಮೂರು ಪ್ರಶ್ನೆ ಜೊತೆಗಿಟ್ಟುಕೊಳ್ಳಿ. ಆಸೆ ಪಟ್ಟಿದ್ದು ಯಾರು? ಬೆಲೆ ತೆತ್ತಿದ್ದು ಯಾರು? ಕಥೆ ಹೇಳಿದ್ದು ಯಾರು?

2/9
ಬೈಬಲ್‌ನ ಆದಿಕಾಂಡದ 6ನೇ ಅಧ್ಯಾಯ, ಮೊದಲ 4 ವಚನ. ಜಲಪ್ರಳಯಕ್ಕೆ ಸ್ವಲ್ಪ ಮುಂಚೆ ದೇವಪುತ್ರರು ಮನುಷ್ಯರ ಹೆಣ್ಣುಮಕ್ಕಳ ಚೆಲುವು ನೋಡ್ತಾರೆ, ತಮಗೆ ಬೇಕಾದವರನ್ನ ಆರಿಸಿ ಹೆಂಡತಿ ಮಾಡ್ಕೊಳ್ತಾರೆ. ಅಷ್ಟೇ. ಆ ಹುಡುಗಿಯರ ಹೆಸರಿಲ್ಲ, ಒಪ್ಪಿಗೆ ಕೇಳಿದ ಮಾತೂ ಇಲ್ಲ.

ಈ ನಾಲ್ಕು ವಚನದ ಕಥೆಯನ್ನ ದೊಡ್ಡದಾಗಿ ಹೇಳಿದ್ದು 'ಹನೋಕನ ಪುಸ್ತಕ'. ಇದರ ಹಳೆಯ ಭಾಗಗಳು ಸುಮಾರು ಕ್ರಿಸ್ತಪೂರ್ವ 3ನೇ ಶತಮಾನದವು ಅಂತ ವಿದ್ವಾಂಸರ ಲೆಕ್ಕ. ಇಲ್ಲಿ 200 ದೂತರು ಹೆರ್ಮೋನ್ ಬೆಟ್ಟದ ಮೇಲೆ ಇಳೀತಾರೆ. ಲೀಡರ್ ಶೆಮಿಹಜಾಗೆ ಒಂದು ಭಯ: "ಕೊನೆಗೆ ನೀವೆಲ್ಲ ಜಾರಿಕೊಂಡು, ಶಿಕ್ಷೆ ನನಗೊಬ್ಬನಿಗೇ ಆದ್ರೆ?" ಅದಕ್ಕೆ ಎಲ್ಲರೂ ಸೇರಿ ಆಣೆ ಮಾಡ್ತಾರೆ. ಪಕ್ಕಾ ಹಾಸ್ಟೆಲ್ ಹುಡುಗರ ಪ್ಲಾನ್ ಥರ ಇದೆ ಅಲ್ವಾ?

ಇಳಿದವರು ಬರಿಗೈಲಿ ಬರಲ್ಲ, ವಿದ್ಯೆ ತರ್ತಾರೆ. ಅಜಾಜೇಲ್ ಕತ್ತಿ, ಗುರಾಣಿ ಮಾಡೋದನ್ನ ಕಲಿಸ್ತಾನೆ. ಜೊತೆಗೆ ಬಳೆ, ಒಡವೆ, ಕಣ್ಣಿಗೆ ಹಚ್ಚೋ ಕಪ್ಪು. ಬೇರೆಯವರು ಬೇರುನಾರಿನ ಗುಣ, ಮಂತ್ರ, ನಕ್ಷತ್ರ ಓದೋದು ಕಲಿಸ್ತಾರೆ. ಹುಟ್ಟಿದ ಮಕ್ಕಳು ದೈತ್ಯರು. ಬೆಳೆದದ್ದನ್ನೆಲ್ಲ ತಿಂದು ಮುಗಿಸಿ, ಕೊನೆಗೆ ಮನುಷ್ಯರನ್ನೇ ತಿನ್ನೋಕೆ ಶುರು ಮಾಡ್ತಾರೆ. ದೂತರಿಗೆ ಶಿಕ್ಷೆ: 70 ತಲೆಮಾರು ಭೂಮಿಯ ಕೆಳಗೆ ಕಟ್ಟಿಹಾಕೋದು.

ಈ ಪುಸ್ತಕದಲ್ಲಿ ದೂತರು ಮಾತಾಡ್ತಾರೆ, ಕ್ಷಮೆಗೆ ಅರ್ಜಿನೂ ಹಾಕ್ತಾರೆ. ಆ ಹೆಣ್ಣುಮಕ್ಕಳಿಗೆ ಒಂದೇ ಒಂದು ಡೈಲಾಗ್ ಇಲ್ಲ.

3/9
ಇಲ್ಲಿ ಸ್ವಲ್ಪ ನಿಂತು ಓದಿ. ಇದು ನಮಗೆಲ್ಲ ಗೊತ್ತಿರೋ ವಿಷಯ.

ಹನೋಕನ ಪುಸ್ತಕದಲ್ಲಿ ಆಸೆ ಪಟ್ಟಿದ್ದೂ ಪ್ಲಾನ್ ಮಾಡಿದ್ದೂ ದೂತರು ಅನ್ನೋದು ಸ್ಪಷ್ಟ. ಆದ್ರೆ ಕಾಲ ಹೋದ ಹಾಗೆ ತಪ್ಪು ಕೈ ಬದಲಾಯಿಸಿತು. 'ರೂಬೇನನ ಒಡಂಬಡಿಕೆ' ಅನ್ನೋ ಇನ್ನೊಂದು ಪ್ರಾಚೀನ ಕೃತಿ ಇದೇ ಘಟನೆಯನ್ನ ಉಲ್ಟಾ ಹೇಳುತ್ತೆ: ಹೆಂಗಸರೇ ಅಲಂಕಾರ ಮಾಡ್ಕೊಂಡು ದೂತರನ್ನ ಮರುಳು ಮಾಡಿದರಂತೆ. ಕ್ರಿಸ್ತಶಕ 200ರ ಆಸುಪಾಸಿನಲ್ಲಿ, ಉತ್ತರ ಆಫ್ರಿಕಾದ ಕಾರ್ಥೇಜ್ ನಗರದಲ್ಲಿದ್ದ ಕ್ರೈಸ್ತ ಲೇಖಕ ತೆರ್ತುಲಿಯನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ದೂತರ ಕಾರಣದಿಂದ ಹೆಂಗಸರು ತಲೆ ಮುಚ್ಚಿಕೊಳ್ಳಬೇಕು ಅನ್ನೋ ಅರ್ಥದ ಒಂದು ಸಾಲು ಪೌಲನ ಪತ್ರದಲ್ಲಿದೆ. ಅದನ್ನ ಈ ಕಥೆಗೆ ಜೋಡಿಸಿ, ಕನ್ಯೆಯರು ಮುಖ ಮುಚ್ಚಬೇಕು ಅಂತ ವಾದ ಮಾಡಿದ. ಸ್ವರ್ಗದವರನ್ನೇ ಬೀಳಿಸಿದ ಮುಖ ಬೀದಿಯಲ್ಲಿ ಕಾಣಬಾರದು ಅನ್ನೋದು ಅವನ ಲಾಜಿಕ್.

ಎಲ್ಲೋ ಕೇಳಿದ ಹಾಗಿದೆಯಾ? "ನೀನು ಹಾಕಿದ ಬಟ್ಟೆಯಿಂದಲೇ ಹೀಗಾಯ್ತು." "ನೀನು ನಕ್ಕಿದ್ದಕ್ಕೇ ಅವನು ಹಿಂದೆ ಬಿದ್ದ." ನೋಡಿದವನು ಒಬ್ಬ, ಬೈಸಿಕೊಂಡವಳು ಇನ್ನೊಬ್ಬಳು. ಫ್ಯಾಂಟಸಿ ಕಥೆ ಬರೀ ಟೈಂಪಾಸ್ ಅನ್ನೋರಿಗೆ ಇದೇ ಉತ್ತರ. ಕಥೆಯನ್ನ ಹೇಗೆ ಹೇಳ್ತೀವಿ ಅನ್ನೋದರಿಂದ ಒಬ್ಬರ ತಲೆ ಮೇಲೆ ಸೆರಗು ಬರಬಹುದು, ತಪ್ಪೂ ಬರಬಹುದು.

4/9
ಆದ್ರೆ ಜನ ಸುಮ್ಮನೆ ಇರಲ್ಲ. ಬಾಯಿಂದ ಬಾಯಿಗೆ ಹೋಗೋ ಕಥೆಯಲ್ಲಿ ಹುಡುಗಿ ಮೆಲ್ಲಗೆ ತಲೆ ಎತ್ತಿದಳು.

ನಂತರದ ಕಾಲದ ಒಂದು ಯಹೂದಿ ಕಥೆಯಲ್ಲಿ ಅವಳಿಗೆ ಹೆಸರಿದೆ: ಇಸ್ತಹಾರ್. ಶೆಮ್ಹಜಾಯ್ ಅನ್ನೋ ದೂತ (ಮೇಲೆ ಬಂದ ಶೆಮಿಹಜಾನೇ ಇವನು) ಅವಳ ಹಿಂದೆ ಬೀಳ್ತಾನೆ. ಅವಳು ಒಂದು ಷರತ್ತು ಇಡ್ತಾಳೆ: "ನೀನು ಆಕಾಶಕ್ಕೆ ಹತ್ತೋವಾಗ ಹೇಳೋ ಆ ಪವಿತ್ರ ಹೆಸರನ್ನ ಮೊದಲು ನನಗೆ ಹೇಳಿಕೊಡು." ಅವನು ಹೇಳಿಕೊಡ್ತಾನೆ. ಅವಳು ಅದನ್ನ ಉಚ್ಚರಿಸಿ, ಅವನ ಕೈಗೆ ಸಿಗದೆ ಆಕಾಶಕ್ಕೆ ಹಾರಿಹೋಗ್ತಾಳೆ! ದೇವರು ಅವಳನ್ನ ನಕ್ಷತ್ರಗಳ ಗುಂಪಲ್ಲಿ, ನಾವು ಕೃತ್ತಿಕೆ ಅಂತೀವಲ್ಲ ಅಲ್ಲಿ, ಕೂರಿಸ್ತಾನೆ. ರಾತ್ರಿ ಟೆರೇಸ್ ಹತ್ತಿದಾಗ ಒಮ್ಮೆ ನೋಡಿ.

ಇಸ್ಲಾಮಿನ ಪರಂಪರೆಯಲ್ಲೂ ಇದರ ಹತ್ತಿರದ ಕಥೆ ಇದೆ. ಬಾಬಿಲೋನ್‌ನ ಹಾರೂತ್, ಮಾರೂತ್ ಹೆಸರು ಕುರ್‌ಆನ್‌ನಲ್ಲಿ ಬರುತ್ತೆ (2:102), ಆದ್ರೆ ಪ್ರೇಮದ ವಿಷಯ ಅಲ್ಲಿಲ್ಲ. ನಂತರದ ವ್ಯಾಖ್ಯಾನಗಳಲ್ಲಿ ಜುಹ್ರಾ ಅನ್ನೋ ಹೆಣ್ಣು ಅವರಿಂದ ಆ ಪದ ತಿಳಿದುಕೊಂಡು ಆಕಾಶದ ಶುಕ್ರ ಆದಳು ಅಂತ ಸೇರಿಕೊಂಡಿತು. ಅನೇಕ ವಿದ್ವಾಂಸರು ಅದನ್ನ ಒಪ್ಪಲಿಲ್ಲ, ಕಥೆ ಮಾತ್ರ ನಿಲ್ಲಲಿಲ್ಲ.

"ನಮ್ಮ ಊರ್ವಶಿ ಇಲ್ವಾ?" ಅಂತ ಕೇಳ್ತೀರಿ, ಗೊತ್ತು. ಇದ್ದಾಳೆ. ಋಗ್ವೇದದ 10ನೇ ಮಂಡಲದ 95ನೇ ಸೂಕ್ತ ಪೂರ್ತಿ ಪುರೂರವ ಮತ್ತು ಊರ್ವಶಿಯ ಸಂವಾದ. ಅಲ್ಲಿ ಸ್ವರ್ಗದವಳು ಹೆಣ್ಣು, ಬೇಡಿಕೊಳ್ಳೋನು ರಾಜ, ಮತ್ತು ಅವಳು ತನ್ನ ಮಾತನ್ನ ತಾನೇ ಆಡ್ತಾಳೆ. ಅದು ಬೇರೆ ಮನೆತನದ ಕಥೆ, ಇನ್ನೊಂದು ಸರಣಿಯೇ ಬೇಕು.

5/9
ಈಗ ಒಂದು ಸಾಹಸದ ಎಪಿಸೋಡ್. ಹನೋಕನ ಪುಸ್ತಕ ಯುರೋಪಿನಲ್ಲಿ ಕಳೆದೇ ಹೋಯ್ತು.

5ನೇ ಶತಮಾನದ ಮೊದಲ ಭಾಗದಲ್ಲಿ ಸಂತ ಆಗಸ್ಟೀನ್, ಆ 'ದೇವಪುತ್ರರು' ದೂತರಲ್ಲ, ಸೇತನ ವಂಶದ ಮನುಷ್ಯರು ಅಂತ ಅರ್ಥ ಹೇಳಿದ. ಆ ಅರ್ಥವೇ ಗಟ್ಟಿಯಾಯ್ತು. ಪುಸ್ತಕ ಬೈಬಲಿನ ಹೊರಗೆ ಉಳೀತು, ಆಮೇಲೆ ತುಣುಕುಗಳನ್ನ ಬಿಟ್ಟರೆ ಪೂರ್ತಿ ಪ್ರತಿ ಯಾರ ಕೈಗೂ ಸಿಗಲಿಲ್ಲ.

ಒಂದು ಕಡೆ ಮಾತ್ರ ಅದು ಯಾವತ್ತೂ ಕಳೆದಿರಲಿಲ್ಲ: ಇಥಿಯೋಪಿಯಾ. ಅಲ್ಲಿನ ಚರ್ಚ್‌ಗೆ ಅದು ಇವತ್ತಿಗೂ ಬೈಬಲಿನ ಭಾಗ. ಗೀಝ್ ಭಾಷೆಯಲ್ಲಿ, ತೊಗಲಿನ ಹಾಳೆಗಳ ಮೇಲೆ, ಕೈಯಲ್ಲಿ ಬರೆದು ಉಳಿಸಿಕೊಂಡಿದ್ದರು. ಸ್ಕಾಟ್ಲೆಂಡಿನ ಪ್ರವಾಸಿ ಜೇಮ್ಸ್ ಬ್ರೂಸ್ ಅಲ್ಲಿಂದ 1773ರಲ್ಲಿ 3 ಪ್ರತಿ ಯುರೋಪಿಗೆ ತಂದ. ರಿಚರ್ಡ್ ಲಾರೆನ್ಸ್ ಮಾಡಿದ ಇಂಗ್ಲಿಷ್ ಅನುವಾದ 1821ರಲ್ಲಿ ಬಂತು. ಮುಂದೆ 20ನೇ ಶತಮಾನದಲ್ಲಿ ಮೃತ ಸಮುದ್ರದ ಹತ್ತಿರದ ಕುಮ್ರಾನ್ ಗುಹೆಗಳಲ್ಲಿ ಇದರ ಅರಾಮಿಕ್ ತುಣುಕುಗಳೂ ಸಿಕ್ಕವು.

"ಪಶ್ಚಿಮದವರು ಕಂಡುಹಿಡಿದರು" ಅಂತ ಓದೋವಾಗಲೆಲ್ಲ ಆ ಇಥಿಯೋಪಿಯಾದ ಲಿಪಿಕಾರರನ್ನ ನೆನಪಿಸಿಕೊಳ್ಳಿ. ಅವರ ಹೆಸರು ನಮಗೆ ಬಂದಿಲ್ಲ. ಕೆಲಸ ಬಂದಿದೆ.

6/9
1821ರ ಆಸುಪಾಸಿಗೆ ಈ ಕಥೆ ಗಾಳಿಯಲ್ಲೇ ಇತ್ತು. ಇಬ್ಬರು ಸ್ಟಾರ್ ಕವಿಗಳು, ಅದರಲ್ಲೂ ಫ್ರೆಂಡ್ಸ್, ಹತ್ತಿರ ಹತ್ತಿರ ಒಂದೇ ಸಮಯಕ್ಕೆ ಇದನ್ನ ಹಿಡಿದರು.

ಲಾರ್ಡ್ ಬೈರನ್ 1821ರಲ್ಲಿ ಇಟಲಿಯಲ್ಲಿ ಕೂತು 'ಹೆವನ್ ಆಂಡ್ ಅರ್ತ್' ನಾಟಕ ಬರೆದ. ಅದು ಅಚ್ಚಾಗಿದ್ದು 1823ರ ಜನವರಿ 1ರಂದು. ಬೈರನ್‌ದೂ ಬರ್ತಿದೆ ಅಂತ ಗೊತ್ತಾಗಿ ಐರ್ಲೆಂಡಿನ ಥಾಮಸ್ ಮೂರ್ ತನ್ನ 'ದಿ ಲವ್ಸ್ ಆಫ್ ದಿ ಏಂಜೆಲ್ಸ್' ಕಾವ್ಯವನ್ನ ಅವಸರದಲ್ಲಿ 1822ರ ಡಿಸೆಂಬರ್‌ಗೇ ಹೊರಗೆ ತಂದ. ರಿಲೀಸ್ ಡೇಟ್ ಫೈಟ್ ಆಗಲೂ ಇತ್ತು!

ಬೈರನ್‌ನ ನಾಟಕ ಶುರುವಾಗೋದು ಇಬ್ಬರು ಅಕ್ಕತಂಗಿಯರಿಂದ, ಅನಾ ಮತ್ತು ಅಹೋಲಿಬಾಮಾ. ರಾತ್ರಿ ಬೆಟ್ಟದ ಬುಡದಲ್ಲಿ ನಿಂತು ದೂತರನ್ನ ಕರೆಯೋದು ಅವರೇ. ಹನೋಕನ ಪುಸ್ತಕದಲ್ಲಿ ಎತ್ತಿಕೊಂಡು ಹೋಗಿಸಿಕೊಂಡವರು ಇಲ್ಲಿ ಹೆಸರು ಹಿಡಿದು ಕರೀತಾರೆ. ಪ್ರಳಯ ಬಂದಾಗ ದೂತರು ಸ್ವರ್ಗ ಬಿಟ್ಟು ಅವರ ಜೊತೆ ಹಾರಿಹೋಗ್ತಾರೆ.

ಮೂರ್‌ನ ಕಾವ್ಯದಲ್ಲಿ 3 ದೂತರು, 3 ಪ್ರೇಮಕಥೆ. ಮೊದಲನೆಯದರಲ್ಲಿ ಲೇಆ ಪದ ತಿಳ್ಕೊಂಡು ಆಕಾಶಕ್ಕೆ ಹೋಗ್ತಾಳೆ. ಗೊತ್ತಾಯ್ತಲ್ಲ, ಇಸ್ತಹಾರ್ ವಾಪಸ್ ಬಂದಳು. ಎರಡನೆಯದರಲ್ಲಿ ಲಿಲಿಸ್ ದೂತನ ನಿಜರೂಪ ನೋಡ್ಬೇಕು ಅಂತ ಕೇಳಿ, ಅವನ ಅಪ್ಪುಗೆಯಲ್ಲೇ ಸುಟ್ಟುಹೋಗ್ತಾಳೆ. ಮೂರನೇ ಜೋಡಿಗೆ ಮಾತ್ರ ಭೂಮಿಯ ಮೇಲೆ ಜೊತೆಯಾಗಿ ಅಲೆಯೋ ಬಾಳು ಸಿಗುತ್ತೆ.

ದೇವರ ದೂತರ ಪ್ರೇಮ ಬರೆದಿದ್ದಕ್ಕೆ ಟೀಕೆ ಬಂತು. ಮೂರ್ ಏನು ಮಾಡಿದ ಗೊತ್ತಾ? ಐದನೇ ಆವೃತ್ತಿಗೆ ದೂತರನ್ನ ಇಸ್ಲಾಮಿನವರನ್ನಾಗಿ ಬದಲಾಯಿಸಿದ, 'ಗಾಡ್' ಇದ್ದ ಕಡೆ 'ಅಲ್ಲಾ' ಹಾಕಿದ. ತಮ್ಮ ಧರ್ಮದ ಹೆಸರಲ್ಲಿ ಹೇಳಿದ್ರೆ ಜಗಳ, ದೂರದವರ ಹೆಸರಲ್ಲಿ ಹೇಳಿದ್ರೆ ಬಣ್ಣದ ಕಥೆ. 1817ರಲ್ಲಿ ಭಾರತಕ್ಕೆ ಕಾಲಿಡದೆ ಕಾಶ್ಮೀರದ ದಾರಿಯ 'ಲಲ್ಲಾ ರೂಖ್' ಬರೆದಿದ್ದವನೂ ಇವನೇ. ಬೇರೆಯವರ ಪುರಾಣದಿಂದ ಕಥೆ ಎತ್ತೋವಾಗ ಇದನ್ನ ನೆನಪಿಡಿ.

7/9
ಮುಂದಿನದು ಫಾಸ್ಟ್ ಆಗಿ.

1824ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ದ ವಿನ್ಯಿ 'ಎಲೋವಾ' ಬರೆದ. ಇಲ್ಲಿ ದೂತೆಯೇ ಹೆಣ್ಣು, ಯೇಸುವಿನ ಕಣ್ಣೀರ ಹನಿಯಿಂದ ಹುಟ್ಟಿದವಳು. ಬಿದ್ದುಹೋದ ಸೈತಾನನ ಮೇಲೆ ಕರುಣೆ ಬಂದು ಅವನನ್ನ ಸಮಾಧಾನ ಮಾಡೋಕೆ ಹೋಗಿ, ಅವನ ಜೊತೆಗೇ ಕೆಳಗೆ ಬೀಳ್ತಾಳೆ. "ಅವನನ್ನ ನಾನು ಸರಿ ಮಾಡ್ತೀನಿ" ಅನ್ನೋ ಪ್ರೀತಿಯ ಕೊನೆ ಏನು ಅಂತ 200 ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ.

1987ರಲ್ಲಿ ವಿಮ್ ವೆಂಡರ್ಸ್ ಸಿನಿಮಾ 'ವಿಂಗ್ಸ್ ಆಫ್ ಡಿಸೈರ್'. ಗೋಡೆಯಿಂದ ಎರಡಾಗಿದ್ದ ಬರ್ಲಿನ್. ಡಾಮಿಯೆಲ್ ಅನ್ನೋ ದೂತ ಜನರ ಮನಸ್ಸಿನ ಮಾತೆಲ್ಲ ಕೇಳಿಸಿಕೊಳ್ತಾನೆ, ಆದ್ರೆ ಒಂದು ಕಾಫಿಯ ಬಿಸಿ ಅವನಿಗೆ ಗೊತ್ತಿಲ್ಲ. ಸರ್ಕಸ್‌ನಲ್ಲಿ ಟ್ರಪೀಜ್ ಆಡೋ ಮರಿಯೋನ್‌ಗಾಗಿ ಅಮರತ್ವ ಬಿಟ್ಟು ಮನುಷ್ಯ ಆಗ್ತಾನೆ. ಕಪ್ಪು-ಬಿಳುಪಿನಲ್ಲಿದ್ದ ಅವನ ಲೋಕಕ್ಕೆ ಬಣ್ಣ ಬರುತ್ತೆ. ಇಲ್ಲಿ ಬೆಲೆ ಕೊಟ್ಟಿದ್ದು ಆಸೆ ಪಟ್ಟವನೇ. ಲೆಕ್ಕ ಸರಿಯಾಯ್ತು.

8/9
ಈಗ ನಮ್ಮ ಕಾಲಕ್ಕೆ ಬರೋಣ. 2005ರ 'ಟ್ವೈಲೈಟ್' ರಕ್ತಪಿಶಾಚಿ ಪ್ರೇಮಕ್ಕೆ ಮಾರ್ಕೆಟ್ ತೆರೆದ ಮೇಲೆ, ಮುಂದಿನ ಸರದಿ ದೂತರದ್ದು. 2009 ಒಂದೇ ವರ್ಷದಲ್ಲಿ ಬಂದದ್ದು ನೋಡಿ: ನಳಿನಿ ಸಿಂಗ್ ಅವರ 'ಏಂಜೆಲ್ಸ್ ಬ್ಲಡ್', ಬೆಕ್ಕಾ ಫಿಟ್ಜ್‌ಪ್ಯಾಟ್ರಿಕ್ ಅವರ 'ಹಷ್, ಹಷ್', ಲಾರೆನ್ ಕೇಟ್ ಅವರ 'ಫಾಲನ್'. ಮೂವರೂ ಹೆಣ್ಣುಮಕ್ಕಳು. ಅದೇ 2009ರಲ್ಲಿ ಸೇಂಟ್ ಮಾರ್ಟಿನ್ಸ್ ಪ್ರೆಸ್ ಅನ್ನೋ ಅಮೆರಿಕದ ಪ್ರಕಾಶನ ಒಂದು ಸ್ಪರ್ಧೆಗೆ ಹಸ್ತಪ್ರತಿ ಕರೀತಾ 'ನ್ಯೂ ಅಡಲ್ಟ್' ಅನ್ನೋ ಹೆಸರನ್ನ ಚಾಲ್ತಿಗೆ ತಂತು. ಹದಿಹರೆಯ ದಾಟಿ, ಪೂರ್ತಿ ದೊಡ್ಡವರೂ ಆಗದ ವಯಸ್ಸು. ಅಂದ್ರೆ ನಾವು.

ಎರಡು ಸಾವಿರ ವರ್ಷ ಡೈಲಾಗ್ ಇಲ್ಲದೆ ನಿಂತಿದ್ದವಳು ಈಗ 'ನಾನು' ಅಂತ ಕಥೆ ಶುರು ಮಾಡ್ತಾಳೆ. 'ಹಷ್, ಹಷ್' ಹೇಳೋದು ನೋರಾಳೇ. ಗೆದ್ದಳು ಅನ್ನೋಣ್ವಾ?

ಪೂರ್ತಿ ಅಲ್ಲ. ಹೀರೋ ಪ್ಯಾಚ್ ಮೊದಲು ಅವಳ ಹತ್ತಿರ ಬರೋದು ಅವಳನ್ನ ಕೊಂದು ತಾನು ಮನುಷ್ಯ ಆಗೋಕೆ. ಅವಳಿಗೆ ಅವನನ್ನ ಕಂಡ್ರೆ ಭಯ, ಆ ಭಯವೇ ಆಕರ್ಷಣೆ ಅಂತ ಪುಸ್ತಕ ಹೇಳುತ್ತೆ. ಇದನ್ನ ಬಹಳ ಓದುಗರು ಟೀಕಿಸಿದರು. 'ಫಾಲನ್'ನಲ್ಲಿ ದೂತ ಡೇನಿಯಲ್ ಸಾವಿರಾರು ವರ್ಷ ಬದುಕೇ ಇರ್ತಾನೆ, ಪ್ರತಿ ಜನ್ಮದಲ್ಲೂ ಅವನನ್ನ ಪ್ರೀತಿಸಿ ಸಾಯೋದು ಲೂಸ್. ಮಾತು ಸಿಕ್ಕಿದೆ, ಬಿಲ್ ಮಾತ್ರ ಇನ್ನೂ ಅವಳ ಹೆಸರಲ್ಲೇ ಬರ್ತಿದೆ.

9/9
ಹಾಗಂತ ಓದಬೇಡಿ ಅಂತ ಹೇಳ್ತಿಲ್ಲ. ಓದಿ, ಬರೀರಿ ಕೂಡ. 2011ರ 'ಡಾಟರ್ ಆಫ್ ಸ್ಮೋಕ್ ಆಂಡ್ ಬೋನ್' ಸಿಕ್ಕಿದ್ರೆ ಓದಿ. ಲೈನಿ ಟೇಲರ್ ಅವರ ಈ ಕಾದಂಬರಿಯಲ್ಲಿ ಪ್ರಾಗ್ ನಗರದ ಕಲಾ ವಿದ್ಯಾರ್ಥಿನಿ ಕರೂಗೆ ತನ್ನದೇ ಕೆಲಸ, ತನ್ನದೇ ಮನೆಮಂದಿ ಇದ್ದಾರೆ. ದೂತ ಅಕೀವಾ ಯುದ್ಧದಲ್ಲಿ ಮಾಡಿದ್ದನ್ನ ಪ್ರೀತಿ ಒಂದೇ ಏಟಿಗೆ ಒರೆಸಿಹಾಕಲ್ಲ. ಇನ್ನು ಹೇಳಿದ್ರೆ ಸ್ಪಾಯ್ಲರ್.

ನಿಮ್ಮ ಡ್ರಾಫ್ಟ್‌ನ ರೆಕ್ಕೆಯವನನ್ನ ಮೊದಲಿನ ಮೂರು ಪ್ರಶ್ನೆ ಮುಂದೆ ನಿಲ್ಲಿಸಿ. ಆಸೆ ಅವನದ್ದಾ? ಹಾಗಿದ್ರೆ ಅವನು ಏನು ಬಿಟ್ಟುಕೊಡ್ತಾನೆ? ಅವಳು ಹೆದರಿದಾಗ ಅವನು ಹಿಂದೆ ಸರೀತಾನಾ, ಇಲ್ಲ ಇನ್ನೂ ಹತ್ತಿರ ಬರ್ತಾನಾ? ಅವನು ಬರೋಕೆ ಮುಂಚೆ ಅವಳ ಸಂಜೆಗಳು ಹೇಗಿದ್ದವು? ಅವನಿಲ್ಲದ ಒಂದು ಇಡೀ ಪುಟ ಅವಳ ಬಗ್ಗೆ ಬರೆಯೋಕೆ ಆಗುತ್ತಾ?

ಮತ್ತೆ, ಕನ್ನಡದಲ್ಲೇ ಬರೀರಿ. 'ದೂತ' ಅನ್ನೋ ಪದದಲ್ಲೇ ಅರ್ಧ ಕಥೆ ಇದೆ. ಸಂದೇಶ ಕೊಟ್ಟು ಹೋಗಬೇಕಾದವನು ನಿಂತಿದ್ದಾನೆ. ಅವನು ಯಾಕೆ ನಿಂತ ಅಂತ ಎಲ್ಲರೂ ಬರೆದಾಯ್ತು. ಇರಲಿ ಅಂತ ಅವಳು ಹೇಳಿದಳಾ, ಹೋಗು ಅಂದಳಾ, ಅದನ್ನ ನೀವು ಬರೀರಿ.

ಸೇವ್ ಮಾಡ್ಕೊಳ್ಳಿ, ಬರೆಯೋ ಫ್ರೆಂಡ್‌ಗೆ ಕಳಿಸಿ.

#ಕಥೆಯಹಿಂದಿನಕಥೆ #ದೇವದೂತ #ಕನ್ನಡಓದು #ಕನ್ನಡಬರಹ