ಕಂಬದಲ್ಲೊಂದು ಕೊಡ, ಬಾಟಲಿಯಲ್ಲೊಂದು ಕಟ್ಟಡ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಅಲ್ಲಿ ತುಂಗಭದ್ರೆಯ ದಡದಲ್ಲಿರುವ ಹರಿಹರೇಶ್ವರ ದೇವಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಮತ್ತೊಮ್ಮೆ ಹೋದಾಗ ಮಂಟಪದ ಒಂದು ಕಂಬದ ಎದುರು ಎರಡು ನಿಮಿಷ ನಿಲ್ಲಿ. ಅದರ ಅಂಚಿನ ಗೆರೆಯನ್ನು ಮಾತ್ರ ಮೇಲಿನಿಂದ ಕೆಳಗೆ ಕಣ್ಣಿನಲ್ಲೇ ಹಿಂಬಾಲಿಸಿ. ಚಕ್ರದಂಥ ಅಂಚು, ಸಣ್ಣ ಕತ್ತು, ಗಂಟೆಯಂತೆ ಇಳಿಯುವ ಮೈ. ಮನೆಯ ಕೊಡ, ಹೂಜಿಗಳ ನೆನಪಾಗುವುದಿಲ್ಲವೆ?

ಕಾರಣ ಸರಳ. ಎರಡೂ ತಿರುಗುತ್ತ ಹುಟ್ಟಿದವು. ಕುಂಬಾರನ ತಿಗರಿಯ ಮೇಲೆ ಮಣ್ಣು ಸುತ್ತುತ್ತದೆ, ಕೈ ಒಂದೇ ಕಡೆ ಇರುತ್ತದೆ. ಆದ್ದರಿಂದ ನಡುವಿನ ಅಕ್ಷದಿಂದ ಅಂಚು ಎಲ್ಲ ದಿಕ್ಕಿಗೂ ಸಮದೂರದಲ್ಲಿರುತ್ತದೆ. ಹೊಯ್ಸಳರ ತಿರುಗಣೆ ಕಂಬದ ತತ್ವವೂ ಇದೇ. ಕಲ್ಲು ಸುತ್ತುತ್ತದೆ, ಉಳಿ ತಾಗುತ್ತದೆ. ಹೊಯ್ಸಳ ಶಿಲ್ಪಿಗಳು ಮೆಚ್ಚಿದ ಬಳಪದ ಕಲ್ಲು ಗ್ರಾನೈಟಿನಷ್ಟು ಗಟ್ಟಿಯಲ್ಲ. ಹಾಗಾಗಿ ಈ ಕೆಲಸಕ್ಕೆ ಅದು ಒಗ್ಗಿತು.

ಈ ದೇವಾಲಯವನ್ನು 1224ರಲ್ಲಿ ಕಟ್ಟಿಸಿದವನು ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಇನ್ನಷ್ಟು ಭಾಗಗಳನ್ನು ಸೇರಿಸಿದ. ಸೋಮನಾಥಪುರದ ಕೇಶವ ದೇವಾಲಯವನ್ನು ಕಟ್ಟಿಸಿದವನೂ ಇವನೇ. ಇದೇ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಗಿ, ಲೇತ್ ಯಂತ್ರಗಳಿಗೆ ಹೆಸರಾಯಿತು. ಆ ಕಾರ್ಖಾನೆ ಈಗಿಲ್ಲ. ಆದರೆ ಕಲ್ಲು ತಿರುಗಿಸಿದ ಊರೇ ಏಳು ಶತಮಾನಗಳ ನಂತರ ಕಬ್ಬಿಣ ತಿರುಗಿಸುವ ಯಂತ್ರವನ್ನೂ ಮಾಡಿತು ಎಂಬುದನ್ನು ಮರೆಯಬೇಡಿ.

ಹರಿಹರದಲ್ಲಿ ಪಾತ್ರೆಯ ರೂಪ ಕಟ್ಟಡಕ್ಕೆ ಬಂತು. ಇದರ ತಿರುವುಮುರುವು ನೋಡಬೇಕಾದರೆ ಸ್ಪೇನ್ ದೇಶದ ಬಾರ್ಸಿಲೋನಾ ನಗರಕ್ಕೆ ಹೋಗೋಣ. ಅಲ್ಲಿನ ಕ್ಯಾಟಲನ್ ವಾಸ್ತುಶಿಲ್ಪಿ ಆಂಟೊನಿ ಗೌಡಿ (1852-1926) ತಾಮ್ರದ ಪಾತ್ರೆ ಬಡಿಯುವವರ ಮನೆಯಲ್ಲಿ ಹುಟ್ಟಿದವನು. 1900ರಿಂದ 1914ರವರೆಗೆ ಅವನು ರೂಪಿಸಿದ ಗ್ವೆಲ್ ಉದ್ಯಾನದಲ್ಲಿ ಹಾವಿನಂತೆ ಬಳುಕುವ ಉದ್ದನೆಯ ಬೆಂಚು ಇದೆ. ಅದರ ಮೈತುಂಬ ಬಣ್ಣದ ಪಿಂಗಾಣಿ ಚೂರುಗಳು. ಚೂರೇ ಏಕೆ? ಚಪ್ಪಟೆ ಬಿಲ್ಲೆಯನ್ನು ಎಲ್ಲ ಕಡೆ ಬಾಗಿದ ಮೈಗೆ ಅಂಟಿಸಿ ನೋಡಿ, ಕೂರುವುದಿಲ್ಲ. ಒಡೆದರೆ ಕೂರುತ್ತದೆ. ಗೌಡಿಯ ಮಿಲಾ ಭವನದ ಕೆಲವು ಚಿಮಣಿಗಳ ಮೇಲೆ ಒಡೆದ ಬಾಟಲಿಗಳ ಗಾಜೂ ಇದೆ. ಅಂದು ಬಾಟಲಿ ಕಟ್ಟಡವಾಯಿತು. ಇಂದು ಅದೇ ಚೂರುಗಳ ವಿನ್ಯಾಸ ಹೊತ್ತ ಅಲಂಕಾರದ ಸೆರಾಮಿಕ್ ಬಾಟಲಿಗಳು ಬಂದಿವೆ. ಕಟ್ಟಡ ಬಾಟಲಿಯಾಗಿದೆ!

ಇದು ಪುನರುಜ್ಜೀವನವೋ, ಬರೀ ವ್ಯಾಪಾರವೋ? ನನ್ನ ಉತ್ತರ ಇಷ್ಟೆ. ನಯವಾದ ಬಾಟಲಿಯ ಮೇಲೆ ಚೂರುಗಳ ಚಿತ್ರ ಮುದ್ರಿಸಿದರೆ ಅದು ನೆನಪಿನ ಸಾಮಾನು. ಬಾಗಿದ ಮೈಗೆ ಚೂರನ್ನು ಒಂದೊಂದಾಗಿ ಕೂರಿಸಿದರೆ ಗೌಡಿಯ ವಿಚಾರ ಮತ್ತೆ ಕೆಲಸಕ್ಕೆ ಇಳಿಯುತ್ತದೆ. ಲೋಟದ ಮೇಲೆ ಹರಿಹರದ ಗುಡಿಯ ಚಿತ್ರ ಅಚ್ಚೊತ್ತುವುದು ಸುಲಭ. ಆ ಕಂಬದ ಗೆರೆಯನ್ನು ಒಬ್ಬ ಕುಂಬಾರ ತಿಗರಿಯ ಮೇಲೆ ಎತ್ತಿ, ಆವಿಗೆಯಲ್ಲಿ ಸುಟ್ಟು ಹೂದಾನಿ ಮಾಡಿದರೆ? ಎಂಟುನೂರು ವರ್ಷದ ವಿದ್ಯೆ ತವರಿಗೆ ಮರಳಿದಂತೆ. ಅದರಿಂದ ಒಂದು ಕುಟುಂಬದ ಒಲೆಯೂ ಉರಿಯಬಹುದು.

ಕಿರುತೆರೆಯಲ್ಲಿ ನಾವು ಒಂದು ಕಂಬವನ್ನು ಕೆಲವೇ ಸೆಕೆಂಡು ತೋರಿಸಬಲ್ಲೆವು. ನಿಮಗೆ ಹೆಚ್ಚು ವ್ಯವಧಾನವಿದೆ. ಪೆನ್ಸಿಲು, ಹಾಳೆ ಹಿಡಿದು ಹೋಗಿ. ಕಂಬವನ್ನು ಮುಟ್ಟದೆ, ಗೀಚದೆ ಅದರ ಅಂಚಿನ ಗೆರೆ ಬರೆದುಕೊಳ್ಳಿ. ಆಮೇಲೆ ಆ ಹಾಳೆಯನ್ನು ನಿಮ್ಮೂರಿನ ಕುಂಬಾರರಿಗೆ ತೋರಿಸಿ ಕೇಳಿ, "ಇದನ್ನು ಮಣ್ಣಿನಲ್ಲಿ ಮಾಡಲು ಆಗುತ್ತದೆಯೆ?" ಕಟ್ಟಿಸಿದ ಪೋಲಾಳ್ವನ ಹೆಸರು ನಮಗೆ ಗೊತ್ತಿದೆ. ಕಡೆದವರ ಕೈ ಎಂಥದೆಂದು ತಿಳಿಯುವುದು ಆ ಪ್ರಶ್ನೆಯಿಂದಲೇ.